ಕಯಾಕಿಗೊಂದು ನಿಂಬೆಹಣ್ಣು

ಧನುರ್ಮಾಸದ ಚಳಿ. ಕಾಡುಗೋಡಿಯಾಚೆ ದಕ್ಷಿಣ ಪಿನಾಕಿನಿಯ ದಡದಲ್ಲಿ ಕೂತು ನನ್ನ ಹೊಸ ಕಯಾಕಿಗೆ ಗಾಳಿ ತುಂಬಿದೆ. ಇಬ್ಬರು ಕೂರುವ ಪುಟ್ಟ ದೋಣಿ. ಜೊತೆಗೆ ಬಂದವರು ನಮ್ಮ ಮನೆ ಓನರ್ ಮುನಿಯಮ್ಮ. ಅವರು ಹುಟ್ಟಿ ಬೆಳೆದದ್ದು ಇದೇ ಹೊಳೆ ಪಕ್ಕದ ಊರಲ್ಲಿ. ಕೊಳಚೆ ಸೇರಿದ ಮೇಲೆ ಇತ್ತ ತಲೆ ಹಾಕಿರಲಿಲ್ಲವಂತೆ.

ದೋಣಿ ಎಳೆಯಹೊರಟ ನನ್ನನ್ನು ತಡೆದರು. "ತಡಿಯವ್ವ, ಒಸ ಗಾಡಿ. ಪೂಜೆ ಇಲ್ದೆ ಇಳಿಸ್ತಾರಾ?"

ಕೈಚೀಲದಿಂದ ಅರಿಶಿನ-ಕುಂಕುಮ ಬಂತು, ನಿಂಬೆಹಣ್ಣೂ ಬಂತು. ಕಯಾಕಿನ ಮೂತಿಗೆ ಬೊಟ್ಟಿಟ್ಟು, ನಿಂಬೆಹಣ್ಣು ಹಿಡಿದು ಸುತ್ತ ಹುಡುಕಿದರು. "ಇದ್ಕೆ ಚಕ್ರ ಎಲ್ಲೈತೆ?"

ಕೊನೆಗೆ ಮೂತಿಯ ಕೆಳಗೇ ಇಟ್ಟರು. ನಾನು ತಳ್ಳಿದೆ. ಗಾಳಿ ತುಂಬಿದ ದೋಣಿ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡೀತೇ? ಅದು ಉರುಳಿ ನೀರಿಗೆ ಬಿತ್ತು. ಅಪಶಕುನ ಅಂತ ವಾಪಸ್ ಹೊರಡುತ್ತಾರೇನೋ ಅಂದುಕೊಂಡೆ. ಅವರೋ ನಿಂಬೆಹಣ್ಣನ್ನೇ ದಿಟ್ಟಿಸುತ್ತಿದ್ದರು. ಅದು ದಡದ ನೊರೆಯಿಂದ ಬಿಡಿಸಿಕೊಂಡು ನಡುನೀರು ಸೇರಿತು, ಒಂದು ಸುತ್ತು ತಿರುಗಿತು, ಮೆಲ್ಲಗೆ ಕೆಳಮುಖವಾಗಿ ಹೊರಟಿತು.

"ಒಳೆ ಇನ್ನೂ ಅರೀತೈತೆ ಕಣವ್ವ," ಎಂದರು. "ಸತ್ತೋಯ್ತು ಅಂದ್ಕೊಂಡಿದ್ದೆ."

ಚಪ್ಪಲಿ ದಡದಲ್ಲೇ ಬಿಟ್ಟು, ಸೀರೆ ಎತ್ತಿ ಕಟ್ಟಿ, ಲೈಫ್ ಜಾಕೆಟ್ಟಿನ ಮೇಲೆ ಸೆರಗು ಹೊದ್ದು, ಈಜು ಬಾರದ ಆ ಹೆಂಗಸು ಹೋಗಿ ಮುಂದಿನ ಸೀಟಲ್ಲೇ ಕೂತುಬಿಟ್ಟರು. ಕಲಿಯುವಾಗ ಮೊದಲ ಸಲ ಇಂಥ ದೋಣಿ ಹತ್ತಲು ನಾನು ಎಷ್ಟು ಹೆದರಿದ್ದೆ!

ಮಂಜಿನಲ್ಲಿ ಹಳದಿ ಚುಕ್ಕೆ ತೇಲುತ್ತಿತ್ತು. ನಾನು ಜೋರಾಗಿ ಹುಟ್ಟು ಹಾಕಿದೆ. ಮುನಿಯಮ್ಮ ತಿರುಗದೆಯೇ ಕೈಯೆತ್ತಿ ತಡೆದರು.

"ದಾಟ್ಬೇಡ ಕಣವ್ವ. ಅದ್ರ ಇಂದೇನೇ ಓಗಾನ."