ಮಲ್ಲವ್ವನ ಮಗಳ ಮದುವೆ ನಿಲ್ಲಿಸಲು ಹೋಗಿ

“ಮೇಡಂ, ನನಗ ಈ ಮದುವಿ ಬೇಕ್ರಿ,” ಎಂದಳು ಲಕ್ಷ್ಮಿ. ಕುಲಗೋಡ ಹಳ್ಳಿಯ ಅವರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ನಾನು ತಬ್ಬಿಬ್ಬಾಗಿ ಅವಳ ತಾಯಿ ಮಲ್ಲವ್ವನ ಮುಖ ನೋಡಿದೆ.

ನಾನು ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಮಲ್ಲವ್ವ ಅಲ್ಲಿಯೇ ಅಟೆಂಡರ್. “ಮಗಳ ಮದುವಿ ನಿಂದರಸ್ರಿ,” ಎಂದು ಅವರು ಕೈಮುಗಿದಾಗ, ಹಿರಿಯರು ಒತ್ತಾಯ ಮಾಡುತ್ತಿರಬೇಕೆಂದು ನಾನೇ ಊಹಿಸಿಕೊಂಡು ಬಂದಿದ್ದೆ. ಬರುವಾಗ ಬಸ್ಸಿನಲ್ಲಿ ಕಾನೂನಿನ ಮಾತನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಇಲ್ಲಿ ನೋಡಿದರೆ ಹುಡುಗಿಗೆ ಇಪ್ಪತ್ತೊಂದು ತುಂಬಿದೆ, ವರನನ್ನು ಮೆಚ್ಚಿದವಳೂ ಅವಳೇ.

“ನಿನ್ನ ಓದು ಅರ್ಧಕ್ಕೆ ನಿಲ್ಲುತ್ತದೆಂಬುದೇ ಅವ್ವನ ಚಿಂತೆ. ಡಿಗ್ರಿಯ ಕೊನೆಯ ವರ್ಷ. ಪರೀಕ್ಷೆ ಮುಗಿಸಿ ಆಗಬಹುದಲ್ಲ?” ಎಂದೆ.

“ಹೆಣ್ಮಕ್ಕಳ ಮಾತು ಮೊದಲ ಕೇಳಬೇಕಂತ ನೀವು ಕಲಸ್ತೀರಂತ, ಅವ್ವನೇ ಹೇಳ್ತಾಳ್ರಿ. ಮತ್ತ ನನ್ನ ಮಾತು ಯಾರು ಕೇಳವ್ರು?”

ಮಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ನೀವೂ ಸುಮ್ಮನಾದ್ರೆಲ್ರಿ ಮೇಡಂ,” ಎಂದರು. ಕೊಟ್ಟ ಚಹಾ ಕುಡಿದು ಗೋಕಾಕದ ಬಸ್ಸು ಹತ್ತಿದೆ. ತಾಯಿಗೆ ಮೋಸ ಮಾಡಿದೆನೋ, ಮಗಳಿಗೆ ಮರ್ಯಾದೆ ಕೊಟ್ಟೆನೋ, ದಾರಿಯುದ್ದಕ್ಕೂ ತಿಳಿಯಲಿಲ್ಲ.

ಮದುವೆ ಆಯಿತು. ಲಕ್ಷ್ಮಿ ಪರೀಕ್ಷೆ ಬರೆಯಲಿಲ್ಲ. ಮಲ್ಲವ್ವ ಎಂದಿನಂತೆ ವಿಭಾಗದ ಬಾಗಿಲು ತೆರೆಯುತ್ತಾರೆ, ಮಗಳ ಸುದ್ದಿ ಮಾತ್ರ ಎತ್ತುವುದಿಲ್ಲ. ‘ಆಯ್ಕೆ’ ಎಂಬ ಪದವನ್ನು ತರಗತಿಯಲ್ಲಿ ಹತ್ತು ನಿಮಿಷದಲ್ಲಿ ವಿವರಿಸಿ ಮುಗಿಸುತ್ತಿದ್ದವಳು ನಾನು. ಈಗ ಆ ಪದಕ್ಕೆ ಬಂದಾಗಲೆಲ್ಲ ತಡವರಿಸುತ್ತೇನೆ.