ಕೆಲ್ಸ್‌ಥೋರ್ಪಿನ ಕಾಲುದಾರಿ

ಬೆಳಗಿನ ಚಹಾ ಕುಡಿದು ಕಪ್ಪು ತೊಳೆದಿಟ್ಟ ಮೇಲೆ ಡೆನಿಸ್ ಕೆಲ್ಸ್‌ಥೋರ್ಪ್ ಕೋಲು ಹಿಡಿದು ಹೊರಡುತ್ತಾರೆ. ಮಳೆಯಿರಲಿ, ಮಂಜಿರಲಿ, ತಪ್ಪಿಸಿದ್ದನ್ನು ನಾನು ಕಂಡಿಲ್ಲ. ಚರ್ಚಿನ ಹಿಂದಿನ ಹೊಲ ದಾಟಿ, ಹುಲ್ಲು ಮುಚ್ಚಿದ ದಿಬ್ಬಗಳವರೆಗೆ ಹೋಗಿ, ತುಸು ಹೊತ್ತು ನಿಂತು ಬರುತ್ತಾರೆ. ಆ ದಿಬ್ಬಗಳೇ ಕೆಲ್ಸ್‌ಥೋರ್ಪ್. ಶತಮಾನಗಳ ಹಿಂದೆ, ಕುರಿ ಮೇಯಿಸಲೆಂದು ಜಮೀನ್ದಾರರು ಜನರನ್ನು ಒಕ್ಕಲೆಬ್ಬಿಸಿದ ಕಾಲದಲ್ಲಿ ಹಾಳಾದ ಊರು.

ಊರಲ್ಲೇ ಉಳಿದವರನ್ನು ಯಾರೂ ಊರಿನ ಹೆಸರಿನಿಂದ ಕರೆಯುವುದಿಲ್ಲ. ಬಿಟ್ಟು ಬಂದವನಿಗೇ ಅದು ಅಂಟಿಕೊಳ್ಳುವುದು. ಡೆನಿಸರ ಹಿರಿಯನೊಬ್ಬ ಅಲ್ಲಿಂದ ನಡೆದು ಬಂದು ಇಲ್ಲಿ ಕೂಲಿಗೆ ನಿಂತಿರಬೇಕು. 'ಕೆಲ್ಸ್‌ಥೋರ್ಪಿನವನು' ಎಂದು ಕರೆದದ್ದೇ ಮನೆತನದ ಹೆಸರಾಯಿತು. ಚರ್ಚಿನ ಹಳೆಯ ದಾಖಲೆಗಳಲ್ಲಿ ಅದನ್ನು ನಾನೇ ಬೆರಳಿಟ್ಟು ಓದಿದ್ದೇನೆ. ಈಗ ಆ ಹೆಸರಿನವರು ಡೆನಿಸ್ ಒಬ್ಬರೇ, ಮಕ್ಕಳಿಲ್ಲ. ಪಬ್ಬಿನಲ್ಲಿ 'ಹಾಳೂರ ದೊರೆ' ಎಂದು ರೇಗಿಸುತ್ತಾರೆ.

ದಿಬ್ಬಗಳಿಗೆ ಹೋಗುವ ಆ ಕಾಲುದಾರಿ ಯಾವ ನಕ್ಷೆಯಲ್ಲೂ ಇಲ್ಲ. ಹೊಲದ ಒಡೆಯನ ಅಪ್ಪಣೆ ಕೇಳದೆ ಊರವರು ಇಪ್ಪತ್ತು ವರ್ಷ ನಡೆದರೆ, ಕಾನೂನಿನಂತೆ ಅದನ್ನು ಎಲ್ಲರ ದಾರಿಯೆಂದು ಬರೆಸಬಹುದು. ಅಪ್ಪಣೆ ಪಡೆದು ನಡೆದದ್ದು ಲೆಕ್ಕಕ್ಕಿಲ್ಲ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನಾವು ಏಳೆಂಟು ಜನ ಹೋಗುತ್ತೇವೆ, ಉಳಿದ ದಿನಗಳಲ್ಲಿ ಹೆಚ್ಚಾಗಿ ಡೆನಿಸ್ ಒಬ್ಬರೇ. ಹತ್ತೊಂಬತ್ತನೆಯ ವರ್ಷ ನಡೆಯುತ್ತಿತ್ತು. ಅವರ ಮಂಡಿ ಸವೆದು ಹೋಗಿತ್ತು.

"ಸಾಕಾಗಿದೆ ಪೆಗ್ಗಿ," ಎಂದರು ಒಮ್ಮೆ, ಚರ್ಚಿನ ಬೆಂಚಿನ ಮೇಲೆ ಕುಸಿದು. "ಹೆಸರು ನನ್ನ ಜೊತೇಲೇ ಹೋಗುತ್ತೆ, ಹೋಗ್ಲಿ. ದಾರಿಯಾದ್ರೂ ಉಳೀಲಿ ಅಂತ."

 ಅಂದು ನಾನು ಅವರ ಮಂಡಿಗಾಗಿ ಪ್ರಾರ್ಥಿಸಿದೆ.

ಅಕ್ಟೋಬರಿನಲ್ಲಿ ಆ ಹೊಲ ರೋಲಂಡ್ ಪೆಂಬ್ರಿ ಎಂಬವರ ಕೈಗೆ ಬಂತು. ಕೆಟ್ಟವರಲ್ಲ. ದನ ಬಿಡುವುದಕ್ಕೆ ಗೇಟು ಹಾಕಿ ಬೀಗ ಜಡಿದರು; ಪಕ್ಕದಲ್ಲಿ ಬೇಲಿ ಹತ್ತಿ ದಾಟುವ ಹಳೆಯ ಮೆಟ್ಟಿಲನ್ನು ಮುಟ್ಟಲಿಲ್ಲ. ಒಂದು ಸೋಮವಾರ ನಾನೂ ಜೊತೆಗಿದ್ದೆ. ಡೆನಿಸ್ ಒಂದು ಕಾಲು ಆಚೆ ಹಾಕಿದವರು ಇನ್ನೊಂದನ್ನು ಎತ್ತಲಾಗದೆ ಹಲಗೆಯ ಮೇಲೇ ಕೂತುಬಿಟ್ಟರು. ದೂರದಿಂದ ನೋಡಿದ ಪೆಂಬ್ರಿ ಓಡಿ ಬಂದರು.

"ಈ ವಯಸ್ಸಲ್ಲಿ ಯಾಕೆ ಯಜಮಾನ್ರೆ ಇದೆಲ್ಲ? ತಗೊಳ್ಳಿ ಬೀಗದ ಕೈ. ನನ್ನ ಒಪ್ಪಿಗೆ ಇದೆ, ಇರೋವರೆಗೂ ಆರಾಮಾಗಿ ಓಡಾಡಿ."

ಡೆನಿಸ್ ಅವರು ಚಾಚಿದ ಕೈಯನ್ನು ಮೆಲ್ಲನೆ ಹಿಂದಕ್ಕೆ ಸರಿಸಿದರು.

"ನಿಮ್ಮ ಮನಸ್ಸು ದೊಡ್ಡದು," ಎಂದರು. "ಆದ್ರೆ ನಾನು ಕೇಳಿಲ್ವಲ್ಲ. ಅದು ನಿಮ್ಮ ಜೇಬಲ್ಲೇ ಇರ್ಲಿ."

ಎರಡೂ ಕೈಯಿಂದ ಈಚೆ ಉಳಿದ ಕಾಲನ್ನು ಎತ್ತಿ ಆಚೆಗೆ ಹಾಕಿಕೊಂಡರು.