ಕೊಟ್ಟವರ ಎದುರಿಗೇ ಬಿಚ್ಚಬೇಕು

ಫ್ರಾನ್ಸಿನ ನೆಲವನ್ನು ಒಮ್ಮೆಯೂ ಮೆಟ್ಟದೆ, ಫ್ರೆಂಚರಿಗೆ ಉಡುಗೊರೆ ಕೊಡುವುದು ಹೇಗೆಂದು ಹನ್ನೊಂದು ವರ್ಷಗಳಿಂದ ಪಾಠ ಹೇಳುತ್ತಿರುವವನು ನಾನು. ಮಣಿಪಾಲದ ಒಂದು ಕಾಲೇಜಿನಲ್ಲಿ ವ್ಯವಹಾರದ ಶಿಷ್ಟಾಚಾರ ನನ್ನ ವಿಷಯ. ಮೊದಲ ಭೇಟಿಯಲ್ಲೇ ಉಡುಗೊರೆ ಕೊಡಬೇಡಿ, ಅದರ ಮೇಲೆ ಕಂಪೆನಿಯ ಹೆಸರು ದಪ್ಪಕ್ಷರದಲ್ಲಿ ಕಾಣದಿರಲಿ, ಊಟಕ್ಕೆ ಕರೆದವರ ಮನೆಗೆ ಸೇವಂತಿಗೆ ಒಯ್ಯಬೇಡಿ, ಅಲ್ಲಿ ಅದು ಸಮಾಧಿಗೆ ಇಡುವ ಹೂವು. ಇದನ್ನೆಲ್ಲ ಹೇಳುವಾಗ ನನ್ನ ದನಿಗೆ ಪ್ಯಾರಿಸ್ಸಿನಲ್ಲೇ ಹುಟ್ಟಿದವನ ಗತ್ತು ಬರುತ್ತದೆ. ಉಡುಗೊರೆ ಸಿಕ್ಕಿದರೆ ಕೊಟ್ಟವರ ಎದುರಿಗೇ ಬಿಚ್ಚಬೇಕು ಎಂಬುದಂತೂ ನಾನು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುವ ಸಾಲು. ಆ ಗೆರೆ ಕೆಮ್ಮಣ್ಣು ಎಂಬ ಊರಿನ ನಮ್ಮ ಮನೆಯವರೆಗೆ ಬಂದಿರಲಿಲ್ಲವೆಂದು ತಿಳಿದದ್ದು ಕ್ಲೇರ್‌ಳಿಂದ.

ಕ್ಲೇರ್ ಫ್ರಾನ್ಸಿನ ಕಡಲತೀರದವಳು. ನಮ್ಮ ಹೊಳೆಯ ಮರುವಾಯಿ ಎಂಬ ಚಿಪ್ಪುಮೀನಿನ ಅಧ್ಯಯನಕ್ಕೆ ಬಂದು, ಎಂಟು ತಿಂಗಳು ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇದ್ದಳು. ಅವಳು ಚಿಪ್ಪುಗಳನ್ನು ಅಳೆದು ಬರೆದುಕೊಳ್ಳುವಳು. ಅಮ್ಮ ಅದೇ ಚಿಪ್ಪುಗಳನ್ನು ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಕತ್ತಿಯಲ್ಲಿ ಬಿಡಿಸಿ, ತೆಂಗಿನತುರಿ ಹಾಕಿ ಸುಕ್ಕ ಮಾಡುವಳು. ಒಬ್ಬಳ ವಿಜ್ಞಾನ ಮುಗಿಯುವಲ್ಲಿ ಇನ್ನೊಬ್ಬಳದು ಶುರುವಾಗುತ್ತಿತ್ತು. ಹಿತ್ತಿಲ ಮೆಟ್ಟಿಲ ಮೇಲೆ ಕೂತು ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು, ಅವಳ ಪುಸ್ತಕದ ಕನ್ನಡಕ್ಕೆ ಅಮ್ಮನ ತುಳು ಸೇರಿಸಿಕೊಂಡು.

ಭಾನುವಾರ ಅವಳು ಊರಿಗೆ ಹೊರಡುವುದಿತ್ತು. ಶುಕ್ರವಾರ ಸಂಜೆ ಕೆಳಗಿಳಿದು ಬಂದು, ದಪ್ಪ ನೀಲಿ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟನ್ನು ಅಮ್ಮನ ಕೈಗಿಟ್ಟಳು. ಅಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಒಳಗೆ ಹೋಗಿ ಕಪಾಟಿನ ಸೀರೆಗಳ ನಡುವೆ ಇಟ್ಟು, ಚಹಾ ತಂದಳು. ಕ್ಲೇರ್ ಚಹಾ ಕುಡಿದಳು. ಇನ್ನೊಂದು ಲೋಟ ಕೇಳಿ ಕುಡಿದಳು. ಒಳಬಾಗಿಲ ಕಡೆ ನೋಡುತ್ತ ಸುಮಾರು ಹೊತ್ತು ಕೂತು, ಮೆಲ್ಲಗೆ ಎದ್ದು ಹೋದಳು. ಪಾಪ, ನಮ್ಮ ಚಹಾ ಬಿಟ್ಟು ಹೋಗಲು ಅವಳಿಗೆ ಮನಸ್ಸಿಲ್ಲ ಎಂದುಕೊಂಡೆ ನಾನು, ಅಡಿಗೆರೆ ಎಳೆಯುವ ಮೇಷ್ಟ್ರು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅವಳು ನನ್ನನ್ನು ನಿಲ್ಲಿಸಿದಳು. ಮುಖ ಬಾಡಿತ್ತು.

"ಅಮ್ಮನಿಗೆ ನನ್ನ ಮೇಲೆ ಬೇಸರ ಉಂಟಾ?"

"ಇಲ್ಲಪ್ಪ, ಎಂತ ಬೇಸರ?"

"ಹಾಗಾದರೆ ಅದು ಇಷ್ಟ ಆಗಲಿಲ್ಲವಾ?"

ಕಟ್ಟು ಮೆತ್ತಗೆ ಕಂಡದ್ದು ನೆನಪಾಯಿತು. ಶಾಲು ಇರಬೇಕು ಎಂದು ಊಹಿಸಿ, ಧೈರ್ಯವಾಗಿ ಹೇಳಿದೆ. "ತುಂಬಾ ಇಷ್ಟ ಆಯ್ತು. ರಾತ್ರಿಯೇ ಹೆಗಲ ಮೇಲೆ ಹಾಕಿಕೊಂಡು ನೋಡಿದರು. ಬಣ್ಣ ಚೆನ್ನಾಗಿ ಒಪ್ಪುತ್ತದೆ."

"ಹೆಗಲ ಮೇಲೆಯಾ?" ಎಂದು ಕೇಳಿ ಅವಳು ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ.

ನೇರ ಅಡುಗೆಮನೆಗೆ ಓಡಿದೆ. ನಡೆದದ್ದನ್ನು ಕೇಳಿ ಅಮ್ಮ ಒಲೆ ಆರಿಸಿದಳು.

"ನೋಡದ ವಸ್ತುವಿಗೆ ಬಣ್ಣ ಬೇರೆ ಹೇಳಿದೆಯಾ?"

"ನೀನು ಬಿಚ್ಚಲಿಲ್ಲ ಯಾಕೆ? ಅವರಲ್ಲಿ ಎದುರಿಗೇ ಬಿಚ್ಚುವುದು ಕ್ರಮ."

"ನಿನಗೆ ಗೊತ್ತಿದ್ದರೆ ನಿನ್ನೆ ಹೇಳಬೇಕಿತ್ತು," ಎಂದಳು. ಆಮೇಲೆ ದನಿ ತಗ್ಗಿಸಿದಳು. "ನಾಳೆಯಿಂದ ಮೇಲಿನ ಕೋಣೆ ಖಾಲಿ ಅಲ್ವಾ. ಅವಳು ಹೋದ ಮೇಲೆ ಒಬ್ಬಳೇ ಕೂತು ಬಿಚ್ಚುವ ಅಂತ ಇಟ್ಟದ್ದು."



ಅಮ್ಮ ಕಪಾಟಿನಿಂದ ಕಟ್ಟನ್ನು ತೆಗೆದುಕೊಂಡು ಹೋಗಿ ಕ್ಲೇರ್‌ಳನ್ನು ಕರೆದು ಹಿತ್ತಿಲ ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡಳು. "ನಾನು ಬಿಚ್ಚಿಲ್ಲ ಮಗಾ. ಇವನು ಹೇಳಿದ್ದು ಸುಳ್ಳು," ಎಂದು ನನ್ನ ಮರ್ಯಾದೆಯನ್ನು ಮೊದಲು ಬಿಚ್ಚಿ, ಆಮೇಲೆ ಕಟ್ಟು ಬಿಚ್ಚಿದಳು. ಒಳಗಿದ್ದದ್ದು ಗಿಡ್ಡ ಅಲಗಿನ, ಮರದ ಹಿಡಿಯ ಒಂದು ಪುಟ್ಟ ಚಾಕು. ಕ್ಲೇರ್‌ಳ ಅಜ್ಜಿ ಕಡಲ ಚಿಪ್ಪುಗಳನ್ನು ಬಿಡಿಸುತ್ತಿದ್ದ ಚಾಕು. ಹಿಡಿಯಲ್ಲಿ ಹೆಬ್ಬೆರಳು ಕೂರುವ ಜಾಗ ಸವೆದು ಗುಳಿ ಬಿದ್ದಿತ್ತು. ಅಮ್ಮ ತನ್ನ ಹೆಬ್ಬೆರಳನ್ನು ಅಲ್ಲಿಟ್ಟು ನೋಡಿದಳು. ಸರಿಯಾಗಿ ಕೂತಿತು.  ಆಗಿನ ಅಮ್ಮನ ಮುಖವನ್ನು ಕ್ಲೇರ್ ನೋಡಿದಳು, ಅಷ್ಟೆ.

ಆಮೇಲೆ ಕ್ಲೇರ್ ತಡವರಿಸುತ್ತ ಹೇಳಿದಳು. "ನಮ್ಮಲ್ಲಿ ಚಾಕು ಕೊಟ್ಟರೆ ಸ್ನೇಹ ಕತ್ತರಿಸಿ ಹೋಗ್ತದೆ ಅಂತ ಉಂಟು ಅಮ್ಮ. ತೆಗೆದುಕೊಂಡವರು ಒಂದು ನಾಣ್ಯ ಕೊಡಬೇಕು. ಆಗ ಏನೂ ಆಗುವುದಿಲ್ಲ."

ಎರಡು ಲೋಟ ಚಹಾದ ಅರ್ಥ ನನಗೆ ಆಗ ಹೊಳೆಯಿತು. ಈ ನಿಯಮ ನನ್ನ ಪಟ್ಟಿಯಲ್ಲೇ ಇರಲಿಲ್ಲ.

"ಒಂದು ರೂಪಾಯಿ ಸಾಕಾ?"

"ಸಾಕು."

"ಇಷ್ಟಕ್ಕೆ ನಿನ್ನೆಯಿಂದ ಹೆದರಿ ಕೂತದ್ದಾ?" ಎಂದ ಅಮ್ಮ ಒಳಗಿನಿಂದ ನಾಣ್ಯ ತಂದು, ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು. ಇಬ್ಬರೂ ಅತ್ತರು. ನಾನು ತೆಂಗಿನ ಮರ ನೋಡಿದೆ.

ಕ್ಲೇರ್‌ಳನ್ನು ರೈಲು ಹತ್ತಿಸಿ ಬಂದ ಮೇಲೆ ಊಟಕ್ಕೆ ಕೂತೆ, ಅಮ್ಮ ಬಡಿಸತೊಡಗಿದಳು. ಎಂದಿನಂತೆ ಒಂದು ಕೈಯಲ್ಲಿ ಮೊಬೈಲು ಹಿಡಿದೇ ತಟ್ಟೆಗೆ ಕೈ ಹಾಕಿದವನಿಗೆ ಏಕೋ ನಾಚಿಕೆಯಾಯಿತು. ಐವತ್ತು ವರ್ಷಗಳಿಂದ ಅಮ್ಮನ ಈ ಕೈಯಿಂದ ಪಡೆಯುತ್ತಲೇ ಬಂದಿದ್ದೇನೆ. ಪಡೆದ ನನ್ನ ಮುಖ ಹೇಗಿರುತ್ತದೆಂದು ಅವಳು ಒಮ್ಮೆಯಾದರೂ ನೋಡಿದ್ದಾಳೆಯೇ? ಮೊಬೈಲು ಕೆಳಗಿಟ್ಟೆ. ತಲೆಯೆತ್ತಿ ಅವಳನ್ನೇ ನೋಡುತ್ತ, "ಸುಕ್ಕ ಬಹಳ ರುಚಿ ಉಂಟಮ್ಮ," ಎಂದೆ.

ಅಮ್ಮ ಗಾಬರಿಯಿಂದ ಸೌಟು ನಿಲ್ಲಿಸಿದಳು.

"ಎಂತ ಮಾರಾಯ, ಉಪ್ಪು ಜಾಸ್ತಿಯಾಯ್ತಾ?"